ಉಸಿರಾಡುವ ಹೆಣ

ಮೊನ್ನೆ ಗದಗಿನ ಟಾಕೀಜಿನಲ್ಲಿ ನಾಯಕ ಎದುರಾಳಿಯ ಕುತ್ತಿಗೆಗೆ ಮಚ್ಚು ಬೀಸಿದಾಗ ನಾನು ಪರದೆಯ ಕಡೆ ನೋಡುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ಸುಧಾಳ ಕೈಯನ್ನು ನೋಡುತ್ತಿದ್ದೆ. ಬೆಣ್ಣೆ ಸವರಿದ ಪಾಪ್‌ಕಾರ್ನಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಆ ಕೈ ಪೊಟ್ಟಣದಿಂದ ಬಾಯಿಗೆ, ಬಾಯಿಯಿಂದ ಪೊಟ್ಟಣಕ್ಕೆ, ಬೆಟಗೇರಿಯ ಮಗ್ಗದ ಲಾಳಿಯಂತೆ ಓಡಾಡುತ್ತಿತ್ತು. ತಲೆ ಉರುಳಿತು. ಲಾಳಿ ನಿಲ್ಲಲಿಲ್ಲ. ಅದರ ಹಿಂದೆಯೇ ಇನ್ನೊಂದು ತಲೆ. ಲಾಳಿ ಕಾಳನ್ನು ಆರಿಸಿಕೊಳ್ಳುವಷ್ಟು ಮಾತ್ರ ತಡವಾಯಿತು.

“ಹೆದರಿಕಿ ಆಗೂದಿಲ್ಲೇನವಾ?” ಎಂದೆ.

“ಎದಕ್ಕಜ್ಜಾ?”

“ತಲಿ ಹೋತಲ್ಲ ಅವಂದು.”

“ಇನ್ನೂ ಇಂಟರ್ವಲ್ ಸೈತ ಆಗಿಲ್ಲ. ಖರೇ ಮಜಾ ಆಮ್ಯಾಲ ಐತಿ. ಸುಮ್ನ ಕುಂಡ್ರು.”

ಇದೇ ಹುಡುಗಿ ಬಚ್ಚಲಲ್ಲಿ ಜೊಂಡಿಗ ಕಂಡರೆ ಓಣಿಗೆಲ್ಲ ಕೇಳುವಂತೆ ಚೀರುತ್ತಾಳೆ. ಯಾರಾದರೂ ಅದನ್ನು ಹೊಡೆಯಲು ಹೋದರೆ ‘ಪಾಪ, ಹೊರಗ ಬಿಡ್ರಿ’ ಎಂದು ಅಡ್ಡ ಬರುತ್ತಾಳೆ.

ಇಂಥ ಹೊತ್ತಿನಲ್ಲಿ ನನ್ನ ವಯಸ್ಸಿನವರು ‘ಕಾಲ ಕೆಟ್ಟಿತು’ ಎಂದು ನಿಟ್ಟುಸಿರು ಬಿಡಬೇಕು, ಅದು ನಮ್ಮ ಪಾಲಿಗೆ ಬಂದ ಕೆಲಸ. ನನ್ನಿಂದ ಅದಾಗುವುದಿಲ್ಲ. ಯಾಕೆಂದರೆ, ನಿಮ್ಮ ಮುಂದೆ ಮುಚ್ಚುಮರೆ ಏನು, ನಾನು ರಕ್ತ ಮಾರಿಯೇ ಮೇಲೆ ಬಂದವನು. ಸ್ವಾತಂತ್ರ್ಯಕ್ಕೆ ತುಸು ಮೊದಲಿನಿಂದ ಕನ್ನಡ ನಾಡು ಒಂದಾಗುವವರೆಗೆ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ರಂಗದ ಮೇಲೆ ಹರಿದ ರಕ್ತವೆಲ್ಲ ಬಹುಮಟ್ಟಿಗೆ ನನ್ನ ಮಾಲು.

ಗಾಬರಿಯಾಗಬೇಡಿ. ಬಣ್ಣದ ಮಾತು ಹೇಳುತ್ತಿದ್ದೇನೆ.

ಬೆಟಗೇರಿಯಲ್ಲಿ ನೂಲಿಗೆ ಬಣ್ಣ ಹಾಕುವವರ ಓಣಿಯಲ್ಲಿ ಹುಟ್ಟಿದವನು ನಾನು. ಅಪ್ಪ ನನಗೆ ಬಿಟ್ಟುಹೋದ ಆಸ್ತಿಯೆಂದರೆ ಕೆಂಪು ಉಗುರುಗಳು. ಮೀಸೆ ಚಿಗುರುವ ಮೊದಲೇ ಬಣ್ಣದ ಪುಡಿಯ ಡಬ್ಬಿಗಳನ್ನು ಹೆಗಲಿಗೇರಿಸಿಕೊಂಡು ಸಂತೆಯಿಂದ ಸಂತೆಗೆ ತಿರುಗಲು ಶುರು ಮಾಡಿದೆ. ಆಗ ನಮ್ಮ ಸೀಮೆಯಲ್ಲಿ ವ್ಯಾಪಾರವೆಂದರೆ ತಮಾಷೆ. ಗದಗ ಮುಂಬೈ ಸರಕಾರದ್ದು. ಒಂದು ಹಗಲು ನಡೆದರೆ ಸಿಗುವ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಮುಂಡರಗಿ ದಾಟಿ ಮುಂದೆ ಹೋದರೆ ನಿಜಾಮನ ಸೀಮೆ, ಕೊರ್ಲಹಳ್ಳಿಯಲ್ಲಿ ಹೊಳೆ ದಾಟಿದರೆ ಮದ್ರಾಸಿನದು. ಬೆಳಿಗ್ಗೆ ಒಬ್ಬ ದೊರೆಯ ಪ್ರಜೆಯಾಗಿ ಎದ್ದವನು ಸಂಜೆ ಇನ್ನೊಬ್ಬನ ಪ್ರಜೆಯಾಗಿ ರೊಟ್ಟಿ ತಿನ್ನುತ್ತಿದ್ದೆ. ಗಡಿಯ ಎಲ್ಲ ಸುಂಕದ ನಾಕೆಯಲ್ಲೂ ಡಬ್ಬಿ ಬಿಚ್ಚಿಸುತ್ತಿದ್ದರು, ಎಲ್ಲ ನಾಕೆಯವನ ಮೂಗೂ ಕೆಂಪಾಗುತ್ತಿತ್ತು.

ಇಲ್ಲೊಂದು ಬುದ್ಧಿಮಾತು ಹೇಳಿಬಿಡುತ್ತೇನೆ, ಬಿಟ್ಟಿಯಾಗಿ. ಬಣ್ಣ ಕೊಳ್ಳುವಾಗ ಬಣ್ಣವನ್ನು ನೋಡಬೇಡಿ. ಅಂಗಡಿಯವನು ಅದನ್ನು ಬಿಸಿಲಿಗೆ ಹಿಡಿದು ‘ನೋಡ್ರಿ ಹ್ಯಾಂಗ ಹೊಳಿತೈತಿ’ ಅನ್ನುತ್ತಾನೆ. ಅವನ ಉಗುರು ನೋಡಿ. ಬುಡದವರೆಗೂ ಬಣ್ಣ ಇಳಿದಿದ್ದರೆ ಮಾಲು ಖರೆ, ಉಗುರು ಬೆಳ್ಳಗಿದ್ದರೆ ಅವನು ಇಟ್ಟಂಗಿಯ ಪುಡಿ ಮಾರುತ್ತಿದ್ದಾನೆ. ಮಾರುವವನು ತೋರಿಸಿದ ಕಡೆ ನೋಡಿದವನು ಯಾವತ್ತೂ ಲಾಭ ಮಾಡಿಕೊಂಡಿಲ್ಲ. ಈ ಮಾತನ್ನು ನಾನು ಮಕ್ಕಳಿಗೆ, ಅಳಿಯಂದಿರಿಗೆ, ಬೀಗರಿಗೆ ಹೇಳಿದ್ದೇನೆ. ನಾನೇ ಇದನ್ನು ಮರೆತ ಒಂದು ದಿನದ ಕತೆ ಮುಂದೆ ಬರುತ್ತದೆ.

ನಮ್ಮ ಸೀಮೆಗೆ ಸುಗ್ಗಿ ಮುಗಿದೊಡನೆ ಒಂದು ನಾಟಕ ಕಂಪನಿ ಬರುತ್ತಿತ್ತು. ಅದರ ಹೆಸರು ಬೇಡ. ತಗಡಿನ ಗೋಡೆ, ತಗಡಿನ ಮಾಡು, ಮುಂದೆ ಚಾಪೆ, ಹಿಂದೆ ಕುರ್ಚಿ. ಮಾಲೀಕ ಗುಂಡಗಿನ ಮನುಷ್ಯ. ಎದುರಿಗಿದ್ದವರು ಯಾರೇ ಆಗಲಿ, ‘ಧಣ್ಯಾರ’ ಎಂದೇ ಕರೆದು ಅವರ ಕಿಸೆಗೆ ಕಣ್ಣು ಹಾಕುತ್ತಿದ್ದ. ಮೊದಲ ಸಲ ಲಕ್ಷ್ಮೇಶ್ವರದ ಸಂತೆಯಲ್ಲಿ ನನ್ನ ಡಬ್ಬಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಸುತ್ತ ನೋಡಿ, ಕಿವಿಯ ಹತ್ತಿರ ಬಂದು ಕೇಳಿದ:

“ಧಣ್ಯಾರ, ರಕ್ತ ಸಿಗತೈತೇನು?”

ಅವರು ಅಲ್ಲಿಯವರೆಗೆ ಕುಂಕುಮದ ನೀರು ಬಳಸುತ್ತಿದ್ದರಂತೆ. ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ಅದು ರಕ್ತದಂತೆ ಕಾಣದೆ ಸಾರಿನಂತೆ ಕಾಣುತ್ತಿತ್ತು. ನಾನು ಕೆಂಪು ಪುಡಿಗೆ ಬೆಲ್ಲದ ಪಾಕ ಬೆರೆಸಿ ಕೊಟ್ಟೆ. ಬಣ್ಣ ಚೆನ್ನಾಗಿ ಕೂತಿತು, ಜೊತೆಗೆ ಇರುವೆಯೂ ಕೂತಿತು. ಸತ್ತು ಬಿದ್ದ ರಾಕ್ಷಸನ ಅಂಗಿಯೊಳಗೆ ಇರುವೆ ಸಾಲುಗಟ್ಟಿ ಹೋದವು. ಅವನು ಕದಲದೆ ಎಲ್ಲ ಕಚ್ಚಿಸಿಕೊಂಡು ಪರದೆ ಬಿದ್ದ ಮೇಲೆ ನನ್ನನ್ನು ಹುಡುಕಿಕೊಂಡು ಬಂದ. ಆಮೇಲೆ ಬೆಲ್ಲ ಬಿಟ್ಟು, ನಮ್ಮ ನೇಕಾರರು ನೂಲಿಗೆ ಹಾಕುವ ಗಂಜಿ ಬೆರೆಸಿದೆ. ದಪ್ಪಗೆ, ಜೋತು ಬೀಳುವಂತೆ, ಎದೆಯಿಂದ ಹೊಟ್ಟೆಗೆ ಸಾವಕಾಶ ಇಳಿಯುವ ರಕ್ತ. ನಾನಾಗಿಯೇ ಹೇಳಬಾರದು, ಅಂಥ ರಕ್ತ ಆಗ ಹುಬ್ಬಳ್ಳಿಯಲ್ಲೂ ಸಿಗುತ್ತಿರಲಿಲ್ಲ.

ಇರುವೆ ಕಚ್ಚಿಸಿಕೊಂಡ ಆ ರಾಕ್ಷಸನೇ ಈರಪ್ಪ. ಕೊರ್ಲಹಳ್ಳಿಯವನು. ಹೊಳೆಯ ಮಡುವಿನಲ್ಲಿ ಮುಳುಗಿ ಕಲ್ಲು ತರುವ ಪಂದ್ಯದಲ್ಲಿ ಬೆಳೆದವನು. ಉಸಿರು ಕಟ್ಟಿದನೆಂದರೆ ದಂಡೆಯ ಮೇಲಿದ್ದವರು ಎಲೆ ಅಡಿಕೆ ಹಾಕಿ, ಜಗಿದು, ಉಗುಳಿ, ‘ಇನ್ನ ಅವರವ್ವಗ ಹೇಳಿ ಕಳಸ್ರಿ’ ಎನ್ನುವಾಗ ಮೇಲೆ ಬರುತ್ತಿದ್ದನಂತೆ. ಕಂಪನಿ ಅವನನ್ನು ಇಟ್ಟುಕೊಂಡದ್ದು ಈ ಒಂದು ಗುಣಕ್ಕೆ. ಹಾಡು ಬಾರದು, ಮಾತು ತೊದಲು, ಆದರೆ ಸತ್ತನೆಂದರೆ ಸತ್ತ. ಹೊಟ್ಟೆ ಅಲ್ಲಾಡುತ್ತಿರಲಿಲ್ಲ. ಎದೆ ಏಳುತ್ತಿರಲಿಲ್ಲ. ನೊಣ ಬಂದು ಮೂಗಿನ ಮೇಲೆ ಕೂತು ಮುಖ ತೊಳೆದುಕೊಂಡು ಹೋದರೂ ಹೆಣ ಹೆಣವೇ.

ಆಗಿನ ಕಂಪನಿ ನಾಟಕ ನೋಡದವರಿಗೆ ಒಂದು ಪದ್ಧತಿ ಹೇಳಬೇಕು. ಹಾಡು ಹಿಡಿಸಿದರೆ ಜನ ‘ವನ್ಸ್ ಮೋರ್’ ಎಂದು ಕೂಗುತ್ತಿದ್ದರು, ಹಾಡಿದವರು ಮತ್ತೆ ಹಾಡಬೇಕು. ನಮ್ಮ ಸೀಮೆಯವರು ಅದನ್ನು ಸಾವಿಗೂ ಹಚ್ಚಿದರು. ಈರಪ್ಪ ಸತ್ತೊಡನೆ ಚಾಪೆಯಿಂದ ಕುರ್ಚಿಯವರೆಗೆ ‘ವನ್ಸ್ ಮೋರ್’. ಈರಪ್ಪ ಎದ್ದು, ಜನಕ್ಕೆ ಕೈ ಮುಗಿದು, ಕಿರೀಟ ಸರಿಮಾಡಿಕೊಂಡು, ಕತ್ತಿಗೆ ಎದೆ ಕೊಟ್ಟು ಮತ್ತೆ ಸಾಯುತ್ತಿದ್ದ. ಜನ ಕೇಳಿದಷ್ಟು ಸಲ ಸತ್ತ ಸಜ್ಜನ.

ಆ ಕೂಗನ್ನು ಮೊದಲು ಎತ್ತುತ್ತಿದ್ದವಳು ನನ್ನ ಚಿಗವ್ವ ಫಕ್ಕೀರವ್ವ, ನನ್ನ ತಾಯಿಯ ತಂಗಿ. ಮುಂಡರಗಿಯಲ್ಲಿ ಅವಳ ಮನೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಎರಡೆತ್ತಿನ ಬೇಸಾಯ ಮಾಡಿಸುತ್ತಿದ್ದ ಗಟ್ಟಿ ಹೆಂಗಸು. ಮೊಟ್ಟೆ ಎಂಬ ಮಾತನ್ನೇ ಮನೆಯಲ್ಲಿ ಆಡಗೊಡುತ್ತಿರಲಿಲ್ಲ. ಜೋಳದಲ್ಲಿ ಹುಳ ಸಿಕ್ಕರೆ ಎಲೆಯ ಮೇಲೆ ಎತ್ತಿ ಬೇಲಿಗೆ ಬಿಟ್ಟು ಬರುತ್ತಿದ್ದಳು. ಅಂಥವಳಿಗೆ ಕಂಪನಿ ಬಂತೆಂದರೆ ಮೈಯಲ್ಲಿ ದೇವರು ಬಂದಂತೆ. ಮುಂದಿನ ಚಾಪೆಯೇ ಬೇಕು, ರಕ್ತ ಸಿಡಿದರೆ ಸೀರೆಗೆ ಬೀಳಬೇಕು.

“ಏನಲೇ ತಮ್ಮಾ, ಈ ಸಲದ ರಕ್ತ ಮಜ್ಜಿಗಿ ಆದಂಗ ಆಗೈತಲ್ಲ,” ಎಂದು ನಾಟಕ ಬಿಟ್ಟ ಮೇಲೆ ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. “ಗಂಜಿ ಉಳಸಾಕತ್ತೀಯೇನು? ಸಾಯೂದು ಅಂದ್ರ ಏನ ಚಾಷ್ಟಿ ಅಂತ ತಿಳದೀ?”

“ಚಿಗವ್ವಾ, ಅದು ನಾಟಕ.”

“ನಾಟಕ ಅಂತನ ಹೇಳಾಕತ್ತೀನಿ. ಖರೆ ಆಗಿದ್ರ ಯಾರ ನೋಡತಿದ್ರು?”

ಕಾಲ ಬದಲಾದಂತೆ ಈರಪ್ಪ ಸಾಯುವ ವೇಷವೂ ಬದಲಾಯಿತು. ಮೊದಲು ಹತ್ತು ಕೈಯ ದೈತ್ಯನಾಗಿ ಸತ್ತ. ಸ್ವಾತಂತ್ರ್ಯ ಬಂದ ವರ್ಷ ಮುಖಕ್ಕೆ ಬಿಳಿಯ ಸಫೇತಿ ಬಳಿದುಕೊಂಡು ಟೊಪ್ಪಿಗೆಯ ಸಾಹೇಬನಾಗಿ ಸತ್ತ. ಸಂಸ್ಥಾನಗಳು ಹೋದಾಗ ದುಷ್ಟ ದಿವಾನನಾಗಿ ಸತ್ತ. ಕರ್ನಾಟಕ ಒಂದಾಗಬೇಕು ಎಂಬ ಗದ್ದಲ ಎದ್ದಾಗ, ಕನ್ನಡಮ್ಮನ ಸೀರೆ ಹರಿದು ನಾಲ್ಕು ದಿಕ್ಕಿಗೆ ಎಸೆದ ‘ವಿಭಜನಾಸುರ’ನಾಗಿ ಸಾಯಲು ಸಿದ್ಧನಾದ. ಮಾತು ಒಂದೇ, ಮೀಸೆ ಬೇರೆ. ಮೀಸೆಯನ್ನೂ ನಾನೇ ಕಪ್ಪು ಮಾಡಿ ಕೊಡುತ್ತಿದ್ದೆ.

ವೇಷದ ಹಾಗೆ ರಕ್ತದ ಅಳತೆಯೂ ಬದಲಾಯಿತು. ಮೊದಲ ವರ್ಷ ಹಣೆಯ ಮೇಲೆ ಒಂದು ಗೆರೆ ಎಳೆದರೆ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡಿದ್ದರು. ಚುರುಮುರಿ ತಿನ್ನುತ್ತಿದ್ದವರ ಕೈ ಅರ್ಧದಲ್ಲೇ ನಿಂತಿತ್ತು. ಮರುವರ್ಷ ಗೆರೆಗೆ ಯಾರ ಕೈಯೂ ನಿಲ್ಲಲಿಲ್ಲ. ಅಂಗಿ ತೋಯಿಸಬೇಕಾಯಿತು. ಆಮೇಲೆ ಅಂಗಿಯೂ ಸಾಲದೆ ತಾಟಿನಲ್ಲಿ ಕುಂಬಳಕಾಯಿಯ ತಲೆ ತಂದರು. ಅದಾದ ಮೇಲೆ ಮಾತಾಡುವ ತಲೆ. ಚುರುಮುರಿ ಮಾರುವವನು ನನ್ನ ಗೆಳೆಯ, ಅವನು ಹೇಳುತ್ತಿದ್ದ: “ದೋಸ್ತಾ, ನಿನ್ನ ರಕ್ತ ಹೆಚ್ಚಾದಂಗ ನನ್ನ ಮಾಲು ಜಲ್ದಿ ಖಾಲಿ ಆಗಾಕತ್ತೈತಿ.” ಇಬ್ಬರಿಗೂ ಲಾಭ. ಲಾಭ ಬರುವಾಗ ತತ್ವಜ್ಞಾನ ಯಾರಿಗೆ ಬೇಕು?

ನಡುವೆ ಒಂದು ಸಂಗತಿ ನೆನಪಾಯಿತು, ಹೇಳಿಯೇ ಮುಂದೆ ಹೋಗುತ್ತೇನೆ. ನಿಜಾಮನ ಸೀಮೆಯಲ್ಲಿ ಗಲಭೆ ಎದ್ದ ದಿನಗಳವು. ಗಡಿಯಾಚೆಯ ಹಳ್ಳಿಗಳಿಂದ ಜನ ಗಂಟು ಮೂಟೆ ಕಟ್ಟಿಕೊಂಡು ಮುಂಡರಗಿಗೆ ಬಂದು ಕಟ್ಟೆ, ಗುಡಿ, ಪಡಸಾಲೆ ಸಿಕ್ಕಲ್ಲಿ ಇಳಿದುಕೊಂಡಿದ್ದರು. ಚಿಗವ್ವನ ಪಡಸಾಲೆಗೆ ಬಂದವಳು ಒಬ್ಬ ನಡುವಯಸ್ಸಿನ ಹೆಂಗಸು. ಮನೆಯಲ್ಲಿ ಏನು ಕಂಡು ಬಂದಳೋ, ಯಾರನ್ನು ಕಳೆದುಕೊಂಡು ಬಂದಳೋ ಹೇಳಲಿಲ್ಲ, ಚಿಗವ್ವ ಕೇಳಲಿಲ್ಲ. ರೊಟ್ಟಿ ಬಡಿಯುತ್ತಿದ್ದಳು, ನೆಲ ನೋಡುತ್ತಿದ್ದಳು. ಕಂಪನಿ ಬಂದಾಗ ಚಿಗವ್ವ ಅವಳ ಕೈ ಹಿಡಿದು ಎಳೆದಳು. ನಾನು ಬೇಡವೆಂದೆ. “ಇಂಥಾಕಿನ್ನ ಕೊಲಿ ತೋರಸಾಕ ಕರಕೊಂಡ ಹೊಂಟೀಯಲ್ಲ, ನಿನಗ ತಲಿ ಐತೇನು?” ಎಂದು ಬೈದೆ. ಚಿಗವ್ವ ಕೇಳಲಿಲ್ಲ.

ಆ ದಿನ ಈರಪ್ಪ ದಿವಾನನಾಗಿ ಸತ್ತ. ನನ್ನ ಗಂಜಿಯ ರಕ್ತ ಹೊಟ್ಟೆಗಿಳಿಯಿತು. ನಾನು ಪಕ್ಕಕ್ಕೆ ತಿರುಗಿ ಆ ಹೆಂಗಸಿನ ಮುಖ ನೋಡಿದೆ, ಅವಳು ಎದ್ದು ಓಡಿದರೆ ಹಿಡಿಯಬೇಕು ಎಂದು. ಅವಳು ನಗುತ್ತಿದ್ದಳು. ‘ವನ್ಸ್ ಮೋರ್’ ಎಂದಾಗ ಈರಪ್ಪ ಎದ್ದು ಕೈ ಮುಗಿದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಸುರಿಯುವಷ್ಟು ನಕ್ಕಳು.

“ಯಾಕಬೇ, ಇಷ್ಟ್ಯಾಕ ನಗತೀ?” ಎಂದಳು ಚಿಗವ್ವ.

“ಇಲ್ಲಿ ಸತ್ತಾವ್ರು ಎದ್ದ ನಿಂದರತಾರಲ್ಲ ಯವ್ವಾ,” ಎಂದಳು ಆಕೆ. “ಇಷ್ಟ ಛಲೋ ಊರು ನಾ ನೋಡಿದ್ದಿಲ್ಲ.”

ಗಲಭೆ ಅಡಗಿದ ಮೇಲೆ ಅವಳು ಊರಿಗೆ ಹೋದಳು. ಚಿಗವ್ವ ಮಾತ್ರ ಅಂದಿನಿಂದ ‘ವನ್ಸ್ ಮೋರ್’ ಕೂಗನ್ನು ಇನ್ನಷ್ಟು ಜೋರು ಮಾಡಿದಳು. ಜೊತೆಗೆ ಒಂದು ಹೊಸ ಚಟ ಹಚ್ಚಿಕೊಂಡಳು. ಈರಪ್ಪ ಸತ್ತು ಬಿದ್ದಾಗ ಉಳಿದವರೆಲ್ಲ ಕತ್ತಿ ಹಿಡಿದ ನಾಯಕನನ್ನೋ ಹರಿಯುವ ರಕ್ತವನ್ನೋ ನೋಡುತ್ತಿದ್ದರೆ, ಇವಳು ಹೆಣದ ಹೊಟ್ಟೆಯನ್ನೇ ನೋಡುತ್ತಿದ್ದಳು. ಹೊಟ್ಟೆ ಅಲ್ಲಾಡಿತೋ ಇಲ್ಲವೋ ಎಂದು. ಅಲ್ಲಾಡಲಿಲ್ಲವೆಂದರೆ, “ಹುಡುಗ ಆರಾಮ ಅದಾನ,” ಎಂದು ಸಮಾಧಾನದಿಂದ ಎಲೆ ಅಡಿಕೆ ಬಾಯಿಗಿಡುತ್ತಿದ್ದಳು.

ಈರಪ್ಪ ಅವಳ ಮನೆಯಲ್ಲಿ ಎಷ್ಟೋ ಸಲ ಉಂಡಿದ್ದಾನೆ. ಕಟಕ ರೊಟ್ಟಿ ಮುರಿಯುತ್ತ, “ಯವ್ವಾ, ನೀ ಕೂಗೂದು ಕಡಿಮಿ ಮಾಡು, ಎದ್ದೆದ್ದು ಸತ್ತು ನಡಾ ನೋಯತೈತಿ,” ಅನ್ನುತ್ತಿದ್ದ. “ತಿನ್ನೂ ಮುಂದ ಮಾತಾಡಬ್ಯಾಡ, ಸಾಯೂ ಮುಂದ ಮಾತಾಡು,” ಎಂದು ಅವಳು ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಆ ವಿಭಜನಾಸುರನ ನಾಟಕ ಮುಂಡರಗಿಗೆ ಬಂದದ್ದು ನಾಡು ಒಂದಾಗುವ ಹಿಂದಿನ ವರ್ಷ. ಅಷ್ಟು ಹೊತ್ತಿಗೆ ಜನ ಅಂಗಿ ತೋಯುವುದಕ್ಕೂ, ತಲೆ ಮಾತಾಡುವುದಕ್ಕೂ ಆಕಳಿಸುತ್ತಿದ್ದರು. ಸಿನಿಮಾದ ತಂಬುಗಳು ಬೇರೆ ಬಂದು, ಅಲ್ಲಿ ಕುದುರೆ, ಬೆಂಕಿ, ಬೆಟ್ಟದಿಂದ ಬೀಳುವ ಮೋಟಾರು. ಮಾಲೀಕ ತಲೆ ಕೆರೆದುಕೊಂಡು ಒಂದು ಉಪಾಯ ತೆಗೆದ. ಮಕ್ಕಳು ಊದುವ ರಬ್ಬರಿನ ಫುಗ್ಗೆಯಲ್ಲಿ ರಕ್ತ ತುಂಬಿ ಅಂಗಿಯೊಳಗೆ ಕಟ್ಟುವುದು. ಕತ್ತಿ ಚುಚ್ಚಿದರೆ ಚಿಲ್ಲನೆ ಮುಂದಿನ ಚಾಪೆಯವರೆಗೂ ಸಿಡಿಯಬೇಕು. ಮರದ ಕತ್ತಿಗೆ ರಬ್ಬರು ಒಡೆಯಲಿಲ್ಲ, ಜಾರಿತು. ಅದಕ್ಕೆ ಕತ್ತಿಯ ತುದಿಗೆ ಹತ್ತಿ ಚೀಲ ಹೊಲಿಯುವ ದಬ್ಬಣ ಕಟ್ಟಿಸಿದ. ಒಡೆಯಿತು. ನಾಲ್ಕಾರು ಆಟ ಸೊಗಸಾಗಿ ಒಡೆಯಿತು. ಚಿಗವ್ವನ ಸೀರೆಗೆ ಸಿಡಿದ ಕಲೆಯನ್ನು ಅವಳು ಓಣಿಗೆಲ್ಲ ತೋರಿಸಿಕೊಂಡು ಬಂದಳು.

ಸಂತೆಯ ದಿನ ಮಧ್ಯಾಹ್ನವೂ ಆಟ ಇಟ್ಟಿದ್ದರು. ತಗಡಿನ ಕೆಳಗೆ ಕಾದ ಹೆಂಚಿನಂಥ ಸೆಕೆ. ಬಾಗಿಲು, ಸಂದಿಗಳಿಂದ ಬಿಸಿಲು ರಂಗದ ಮೇಲೇ ಬೀಳುತ್ತಿತ್ತು. ವಿಭಜನಾಸುರ ಅಬ್ಬರಿಸಿದ. ನಾಯಕ ಓಡಿ ಬಂದು ಚುಚ್ಚಿದ. ಬೆವರಿಗೆ ಫುಗ್ಗೆ ಸೊಂಟದ ಹಿಂದಕ್ಕೆ ಜಾರಿಹೋಗಿತ್ತು. ದಬ್ಬಣ ಬರಿಯ ಮೈಗೆ ನಾಟಿತು. ಇದು ಆಮೇಲೆ ಗೊತ್ತಾದದ್ದು.

ಆಗ ನಾನು ಕಂಡದ್ದೇನು? ಈರಪ್ಪ ಬಿದ್ದ. ಪಕ್ಕೆಯಿಂದ ರಕ್ತ ಬಂತು. ಸಿಡಿಯಲಿಲ್ಲ, ಸುಮ್ಮನೆ ಹರಿಯಿತು. ಬಣ್ಣ ಮಬ್ಬು. ಕಪ್ಪಿಗೆ ತಿರುಗಿದಂತೆ. ನನ್ನ ಮಾಲಿನ ಹೊಳಪಿಲ್ಲ, ನನ್ನ ಗಂಜಿಯ ದಪ್ಪವಿಲ್ಲ. ನನ್ನ ಮೈ ಉರಿದುಹೋಯಿತು. ಈ ಗುಂಡ ಮಾಲೀಕ ನನ್ನನ್ನು ಬಿಟ್ಟು ಇನ್ನಾರದೋ ಹತ್ತಿರ ಅಗ್ಗದ ರಕ್ತ ತಂದಿದ್ದಾನೆ! ಇಷ್ಟು ವರ್ಷದ ಗಿರಾಕಿ, ಒಂದು ಮಾತು ಹೇಳದೆ! ಎದ್ದವನೇ ಜನರನ್ನು ತುಳಿದುಕೊಂಡು ಪಕ್ಕದ ಬಾಗಿಲಿನಿಂದ ಪರದೆಯ ಹಿಂದೆ ನುಗ್ಗಿದೆ.

ಹಿಂದೆ ಚಿಗವ್ವನ ಕೂಗು ಕೇಳಿಸಿತು: “ವನ್ಸ್ ಮೋರ್!” ತಗಡು ಹಾರುವಂತೆ ಜನ ಅದನ್ನು ಎತ್ತಿಕೊಂಡರು.

“ಯಾರ ಅಂಗಡಿ ಮಾಲ್ರೀ ಅದು?” ಎಂದು ಮಾಲೀಕನ ಅಂಗಿಯ ಕಾಲರು ಹಿಡಿದೆ.

“ಯಾವ ಮಾಲ್ರೀ ಧಣ್ಯಾರ?”

“ರಕ್ತಾ! ಈಗ ಹರಿಯಾಕತ್ತೈತಲ್ಲ, ಅದು! ಅದೇನ ರಕ್ತದ ಬಣ್ಣ ಏನು? ಅದಕ್ಕ ರಕ್ತ ಅಂತಾರೇನು?”

ಮಾಲೀಕ ಪರದೆಯ ಸಂದಿಯಿಂದ ಇಣುಕಿದ. ಅವನ ಮುಖ ಸಫೇತಿ ಬಳಿದ ಹಾಗಾಯಿತು. “ನಿಮ್ಮದ ಮಾಲು ತುಂಬೇನಲ್ಲರೀ...” ಎಂದ. ನಾನೂ ಇಣುಕಿದೆ.

ರಂಗದ ಮೇಲೆ ಚಿಗವ್ವ ಹತ್ತಿಬಿಟ್ಟಿದ್ದಳು.

ಜನ ಬೈಯುತ್ತಿದ್ದರು. “ಏ ಮುದಕಿ, ಕೆಳಗ ಇಳಿ!” “ಕುಂಡ್ರಬೇ ಯವ್ವಾ, ಕಾಣವಲ್ದು!” ಚಾಪೆಯ ಮೇಲಿನವನೊಬ್ಬ, “ಆಕೀನೂ ಪಾರ್ಟ್ ಮಾಡಾಕತ್ತಾಳೋ, ಬಿಡ್ರಿ,” ಎಂದ. ಕೈಗಳು ಚುರುಮುರಿಯಲ್ಲೇ ಇದ್ದವು. ಕತ್ತಿ ಹಿಡಿದ ನಾಯಕ, ತನಗೆ ಯಾರೂ ಕಲಿಸದ ಈ ಪ್ರವೇಶಕ್ಕೆ ಏನು ಮಾತು ಹೇಳಬೇಕೆಂದು ತಿಳಿಯದೆ ಮೀಸೆ ತಿರುವುತ್ತ ನಿಂತಿದ್ದ.

ಚಿಗವ್ವ ಜನರ ಕಡೆ ತಿರುಗಿ ಕೂಗಿದಳು:

“ಹೆಣ ಉಸಿರಾಡಾಕತ್ತೈತ್ರೋ! ಖರೇ ಪೆಟ್ಟು ಬಿದ್ದೈತಿ!”

ಜನ ನಕ್ಕರು. ನಗದೆ ಏನು ಮಾಡುತ್ತಾರೆ? ಉಸಿರಾಡುತ್ತಿದ್ದರೆ ಪೆಟ್ಟು ಬಿದ್ದಿಲ್ಲ ಎಂದಲ್ಲವೇ ಲೋಕದ ಲೆಕ್ಕ. ಆದರೆ ಈರಪ್ಪನ ಲೆಕ್ಕ ಬೇರೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಎಲ್ಲ ಸರಿಯಾಗಿದ್ದಾಗ ಅವನ ಹೊಟ್ಟೆ ಕಲ್ಲು. ಈಗ ಅದು ಕಮ್ಮಾರನ ತಿದಿಯಂತೆ ಏರಿಳಿಯುತ್ತಿತ್ತು. ನಾವೆಲ್ಲ ರಕ್ತವನ್ನು ನೋಡಿದೆವು. ನಾನಂತೂ ಅದರ ಜಾತಕವನ್ನೇ ನೋಡಿದೆ. ಅವಳು ಹೊಟ್ಟೆಯನ್ನು ನೋಡಿದಳು.

ಅವಳು ಕೂತು ಸೆರಗನ್ನು ಮುದ್ದೆ ಮಾಡಿ ಪಕ್ಕೆಗೆ ಒತ್ತಿ ಹಿಡಿದಳು. ಪರದೆಯ ಸಂದಿಯಿಂದ ಅವರಿಬ್ಬರೂ ನನಗೆ ತೀರ ಹತ್ತಿರ. ಈರಪ್ಪ ಕಣ್ಣು ಬಿಟ್ಟ. ಹೊರಗೆ ಜನ ಇನ್ನೂ ಕೂಗುತ್ತಲೇ ಇದ್ದರು.

“ಯವ್ವಾ,” ಎಂದ, ತುಟಿ ಮಾತ್ರ ಅಲ್ಲಾಡಿಸಿ, “ವನ್ಸ್ ಮೋರ್ ಅನ್ನಾಕತ್ತಾರ. ಏಳಲೇನು?”

“ಏಳಬ್ಯಾಡಪಾ,” ಎಂದಳು ಚಿಗವ್ವ. “ಇವತ್ತ ಏಳಬ್ಯಾಡ.”

ನಾನು ಓಡಿಹೋಗಿ ಅವನ ಕಾಲು ಹಿಡಿದೆ, ಮಾಲೀಕ ತಲೆ ಹಿಡಿದ. ಎತ್ತುವಾಗ ಅಂಗಿಯ ಹಿಂದಿನಿಂದ ಏನೋ ಜಾರಿ ನನ್ನ ಮುಂಗೈಗೆ ತಾಗಿತು. ಮೆತ್ತಗೆ, ತಣ್ಣಗೆ, ತುಂಬಿದ್ದು. ಫುಗ್ಗೆ. ನನ್ನ ಮಾಲು ಒಂದು ಹನಿ ಚೆಲ್ಲದೆ ಹಾಗೇ ಇತ್ತು. ಬಿಸಿಲಲ್ಲಿ ಎಷ್ಟು ಚಂದ ಹೊಳೆಯುತ್ತಿತ್ತೆಂದರೆ, ನಾನದನ್ನು ಕಾಲಿನಿಂದ ಮೂಲೆಗೆ ತಳ್ಳಿಬಿಟ್ಟೆ.

ಪರದೆ ಬಿದ್ದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಷ್ಟು ವರ್ಷದಲ್ಲಿ ಅಂಥ ಚಪ್ಪಾಳೆ ಬಿದ್ದಿರಲಿಲ್ಲ.

ಸಂತೆಗೆ ಬಂದಿದ್ದ ಚಕ್ಕಡಿಯೊಂದರಲ್ಲಿ ಅವನನ್ನು ಕಂಪೌಂಡರ ಮನೆಗೆ ಸಾಗಿಸಿದೆವು. ಅಂಗಳದ ಬಿಸಿಲಿನಲ್ಲೇ ಮಲಗಿಸಿ ಹೊಲಿಗೆ ಹಾಕಿದರು. ಆಮೇಲೆ ಜ್ವರ. ಚಿಗವ್ವನ ಪಡಸಾಲೆಯಲ್ಲಿ, ಗಲಭೆಯ ದಿನಗಳಲ್ಲಿ ಆ ಹೆಂಗಸು ಮಲಗುತ್ತಿದ್ದ ಜಾಗದಲ್ಲೇ ಈರಪ್ಪ ಮಲಗಿದ. ಬದುಕುತ್ತಾನೋ ಇಲ್ಲವೋ ಹೇಳಲಾಗದು ಎಂದರು. ಅದೇ ಜ್ವರದಲ್ಲಿ ಬಾಗಿಲಾಚೆ ಯಾರಾದರೂ ಜೋರಾಗಿ ಮಾತಾಡಿದರೆ ಅವನು ಮೊಳಕೈ ಊರಿ ಏಳಲು ನೋಡುತ್ತಿದ್ದ. ಚಿಗವ್ವ ಎದೆಯ ಮೇಲೆ ಅಂಗೈ ಇಟ್ಟು ಒತ್ತಿ ಮಲಗಿಸುತ್ತಿದ್ದಳು. ಕೈ ಅಲ್ಲೇ ಇರುತ್ತಿತ್ತು, ಉಸಿರು ಏರುವುದನ್ನು ಇಳಿಯುವುದನ್ನು ನೋಡುತ್ತ. ನಾನು ಕಟ್ಟೆಯ ಮೇಲೆ ಕೂತು ಉಗುರು ತಿಕ್ಕಿಕೊಳ್ಳುತ್ತಿದ್ದೆ. ಆ ಬಣ್ಣ ಹುಟ್ಟಿದಾಗಿನಿಂದ ಹೋಗಿಲ್ಲ, ಅವತ್ತು ಹೋಗುತ್ತದೆಯೇ?

ಜ್ವರ ಇಳಿಯಿತು. ಇಳಿದದ್ದು ಯಾರಿಗೆ ಮೊದಲು ಗೊತ್ತಾಯಿತು ಅನ್ನುತ್ತೀರಿ? ಮಾಲೀಕನಿಗೆ. ಬಾಳೆಹಣ್ಣಿನ ಗೊನೆ ಹಿಡಿದುಕೊಂಡು ಬಂದ.

“ಧಣ್ಯಾರ, ಊರ ತುಂಬ ಅದ ಖಬರ ಐತಿ. ಶಿಗ್ಲಿ, ಶಿರಹಟ್ಟಿ ಕಡಿಯಿಂದ ಚಕ್ಕಡಿ ಕಟ್ಟಿಕೊಂಡು ಬರಾಕತ್ತಾರ. ಎಲ್ಲಾರೂ ಕೇಳೂದು ಒಂದ: ಅವತ್ತಿನಂಗ ಯಾವಾಗ ಸಾಯತಾನ ಅಂತ.”

ಈರಪ್ಪ ಹಾಸಿಗೆಯಿಂದಲೇ, “ಬರತೀನ್ರಿ ಮಾಲಕರ,” ಎಂದ. ಬಾರದಿದ್ದರೆ ಅವನಿಗೆ ಬೇರೆ ಕಸುಬಿಲ್ಲ. ಸಾಯುವುದೊಂದೇ ಗೊತ್ತಿದ್ದ ಮನುಷ್ಯ ಬದುಕುವುದು ಹೇಗೆ?

ಆಗ ನಾನು ನನ್ನ ಕಸುಬಿಗೆ ಇಳಿದೆ. ಚೌಕಾಸಿಯಲ್ಲಿ ನನ್ನದು ಒಂದೇ ಸೂತ್ರ: ಎದುರಿನವನಿಗೆ ಯಾವುದು ಬೇಕೇಬೇಕೋ ಅದನ್ನು ಕೊಡುವ ಮಾತನ್ನೇ ಎತ್ತಬಾರದು. ದಬ್ಬಣ ತೆಗೀರಿ ಎಂದೆ. ತೆಗೆದ. ಫುಗ್ಗೆ ಬೇಡ ಎಂದೆ. ಗೊಣಗಿದ, ಒಪ್ಪಿದ. ಒಂದು ಆಟಕ್ಕೆ ಒಂದೇ ಸಾವು, ‘ವನ್ಸ್ ಮೋರ್’ಗೆ ಏಳುವುದಿಲ್ಲ ಎಂದೆ. “ಎರಡಕ್ಕ ಮುಗಸ್ರಿ ಧಣ್ಯಾರ,” ಎಂದು ಅವನು ಕೈ ಹಿಡಿದ. ನಾನೂ ಬಹುಶಃ ಒಪ್ಪಿಬಿಡುತ್ತಿದ್ದೆ, ಒಳ್ಳೆಯ ಸೌದಾ ಅದು. ಅಷ್ಟರಲ್ಲಿ ಒಳಗಿನಿಂದ ಚಿಗವ್ವ ಹಿಟ್ಟಿನ ಕೈಯಲ್ಲೇ ಬಂದಳು.

“ಸಾಯಂಗಿಲ್ಲ.”

“ಹಂಗಂದ್ರ ಹ್ಯಾಂಗಬೇ ಯವ್ವಾ? ರಾಕ್ಷಸ ಸಾಯಲಿಲ್ಲಂದ್ರ ನಾಡು ಹ್ಯಾಂಗ ಒಂದಾಗಬೇಕು?”

“ಬ್ಯಾರೆದಾವನ್ನ ಸಾಯಿಸ್ಕೊ. ನೀನ ಸಾಯಿ, ಮೈಯಾಗ ರಕ್ತ ಭಾಳ ಐತಿ. ಇವಗ ಕುಂದ್ರೂ ಪಾರ್ಟ್ ಕೊಡು.”

ಕೊನೆಗೆ ಈರಪ್ಪನಿಗೆ ಸಿಕ್ಕಿದ್ದು ಕೊನೆಯ ಅಂಕದಲ್ಲಿ ಬಿಳಿಗಡ್ಡದ ಗುರುವಿನ ಪಾತ್ರ. ಬಂದು, ಕೂತು, ಕನ್ನಡಮ್ಮನಿಗೆ ಆಶೀರ್ವಾದ ಮಾಡುವುದು. ವಿಭಜನಾಸುರನಾಗಿ ಬೇರೊಬ್ಬ ಸತ್ತ. ಜನ ಅವನ ಸಾವಿಗೆ ಸೀಟಿ ಹೊಡೆದು ಬೈದರು, ಹೊಟ್ಟೆ ಅಲ್ಲಾಡುತ್ತಿತ್ತು. ಈರಪ್ಪ ಗಡ್ಡ ಹಚ್ಚಿಕೊಂಡು ಒಳಬಂದಾಗ ಜನರಿಗೆ ಗುರುತು ಸಿಕ್ಕಿತು. ಪಿಸುಪಿಸು ಶುರುವಾಯಿತು. “ಇಂವ ಯಾವಾಗ ಸಾಯತಾನ?” “ಈಗ ಸಾಯತಾನ ನೋಡು.” ಅವನು ಸಾಯಲಿಲ್ಲ. ಪಕ್ಕೆ ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆದು ಮಣೆಯ ಮೇಲೆ ಕೂತ, ಅಷ್ಟೆ. ಜನಕ್ಕೆ ಮೋಸವಾದಂತಾಯಿತು.

ಆಗ ಮುಂದಿನ ಚಾಪೆಯಿಂದ ಚಿಗವ್ವ ಕೂಗಿದಳು: “ವನ್ಸ್ ಮೋರ್!”

ಈರಪ್ಪ ಕಕ್ಕಾಬಿಕ್ಕಿಯಾಗಿ ಅವಳ ಕಡೆ ನೋಡಿದ. ಯಾವುದಕ್ಕೆ ವನ್ಸ್ ಮೋರ್? ಹಾಡಿಲ್ಲ, ಮಾತಿಲ್ಲ, ಸತ್ತಿಲ್ಲ. ಬರೀ ನಡೆದು ಬಂದಿದ್ದಾನೆ. ಆದರೂ ಪದ್ಧತಿ ಪದ್ಧತಿಯೇ. ಎದ್ದ, ಜನಕ್ಕೆ ಕೈ ಮುಗಿದ, ಪರದೆಯ ಹಿಂದೆ ಹೋದ, ಮತ್ತೆ ನಾಲ್ಕು ಹೆಜ್ಜೆ ನಡೆದು ಬಂದು ಕೂತ. ಯಾರೋ ನಕ್ಕರು. ಆಮೇಲೆ ಒಬ್ಬ ಚಪ್ಪಾಳೆ ತಟ್ಟಿದ. ಆಮೇಲೆ ತಗಡೆಲ್ಲ ನಡುಗಿತು. ನನ್ನ ಗೆಳೆಯ ಚುರುಮುರಿಯವನು ಬಾಗಿಲಲ್ಲಿ ಬುಟ್ಟಿ ಹೊತ್ತು ನಿಂತಿದ್ದ. ಆ ಹೊತ್ತಿನಲ್ಲಿ ಒಬ್ಬರೂ ಕೊಳ್ಳಲಿಲ್ಲ ಎಂದು ಆಮೇಲೆ ನನ್ನ ಮುಂದೆ ದುಃಖ ತೋಡಿಕೊಂಡ.

ಅಲ್ಲಿಗೆ ನಾನು ರಕ್ತದ ವ್ಯಾಪಾರ ಬಿಟ್ಟೆ ಎಂದು ನೀವು ತಿಳಿದರೆ ನಿಮ್ಮ ದೊಡ್ಡತನ. ಬಿಡಲಿಲ್ಲ. ಕಂಪನಿ ಮುರಿಯುವವರೆಗೂ ಮಾರಿದೆ. ಚಿಗವ್ವ ಇರುವವರೆಗೂ ಮುಂದಿನ ಚಾಪೆಯಲ್ಲಿ ಕೂತು ಅದು ತೆಳ್ಳಗಿದೆಯೆಂದು ಬೈದಳು. ಈರಪ್ಪ ಗಡ್ಡದ ಗುರುವಾಗಿಯೇ ಮುದುಕನಾದ. ಕೊನೆಕೊನೆಗೆ ಗಡ್ಡ ಹಚ್ಚುವ ಖರ್ಚೂ ಉಳಿಯಿತು.

ಈಗ ಟಾಕೀಜಿಗೆ ಬನ್ನಿ. ಇಂಟರ್ವಲ್ಲು ಮುಗಿದು, ಮೊಮ್ಮಗಳು ಹೇಳಿದ ‘ಖರೇ ಮಜಾ’ ಶುರುವಾಗಿತ್ತು. ಒಂದು ಕಲ್ಲಿನ ಖಣಿಯಲ್ಲಿ ನಾಯಕ ಒಬ್ಬನೇ ಊರಿಗೂರನ್ನೇ ಕೊಚ್ಚಿ ಹಾಕಿದ. ಕೆಲಸ ಮುಗಿಸಿ, ಹೆಣಗಳ ನಡುವೆ ಸಾವಕಾಶ ನಡೆದುಕೊಂಡು ಬಂದ, ಹಿಂದೆ ವಾದ್ಯ. ಎಲ್ಲರ ಕಣ್ಣು ಅವನ ಮೇಲೆ. ಹಾಗೆ ನೋಡಲೆಂದೇ ಅವನನ್ನು ನಡುವೆ ನಿಲ್ಲಿಸಿರುತ್ತಾರೆ. ಮಾರುವವನು ತೋರಿಸಿದ ಕಡೆ ನೋಡಬೇಡಿ ಎಂದು ಹೇಳಿದ್ದೇನಲ್ಲ. ನಾನು ಪರದೆಯ ಎಡಮೂಲೆ ನೋಡಿದೆ.

ಅಲ್ಲೊಬ್ಬ ಸತ್ತು ಬಿದ್ದಿದ್ದ. ಅಂಗಿಯೆಲ್ಲ ಕೆಂಪು. ಒಳ್ಳೆಯ ಕೆಂಪು, ಗಂಜಿ ಸ್ವಲ್ಪ ಕಡಿಮೆ. ಅವನ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಪಾಪ, ಆ ಬಿಸಿಲಿನಲ್ಲಿ ಎಷ್ಟು ಸಲ ಓಡಿಸಿದ್ದರೋ. ಕೊರ್ಲಹಳ್ಳಿಯ ಮಡುವಿನಲ್ಲಿ ತಾಲೀಮು ಆಗದ ಹೆಣ.

“ಉಸಿರಾಡಾಕತ್ತಾನ!” ಎಂದೆ.

“ಯಾರಜ್ಜಾ?”

“ಅಲ್ಲಿ, ಮೂಲಿಯಾಗ. ಸತ್ತಾಂವ. ಹೊಟ್ಟಿ ನೋಡು!”

ಸುಧಾ ನೋಡಿದಳು. ಕೈ ಪೊಟ್ಟಣದಿಂದ ಬಾಯಿಗೆ ಹೊರಟದ್ದು ಅರ್ಧದಲ್ಲಿ ನಿಂತಿತು.

“ಅಯ್ಯ, ಹೌದಲ್ಲ!” ಎಂದಳು. ಅಷ್ಟರಲ್ಲಿ ದೃಶ್ಯ ಹೋಯಿತು.

ನಾನು ಏನು ಮಾಡಿದೆನೆಂದು ಆಮೇಲೆ ಅವಳೇ ಮನೆಯಲ್ಲೆಲ್ಲ ಹೇಳಿಕೊಂಡು ನಕ್ಕಳು. ಎದ್ದು ನಿಂತು ‘ವನ್ಸ್ ಮೋರ್’ ಎಂದು ಕೂಗಿದೆನಂತೆ. ಹಿಂದಿನವರು, “ಕುಂಡ್ರೋ ಯಜ್ಜಾ, ಕಾಣವಲ್ದು,” ಎಂದರಂತೆ. ಪರದೆಗೇನು ಗೊತ್ತು ನಮ್ಮ ಪದ್ಧತಿ? ಸತ್ತವನು ಏಳಲಿಲ್ಲ.

ನಾನು ಒಂದೇ ಮಾಲಿಗೆ ಎರಡು ಸಲ ದುಡ್ಡು ಕೊಟ್ಟವನಲ್ಲ. ಆದರೂ ಮರುದಿನ ಮಧ್ಯಾಹ್ನ ಯಾರಿಗೂ ಹೇಳದೆ ಹೋಗಿ ಟಿಕೆಟ್ಟಿಗೆ ನಿಂತೆ. ಹಿಂದೆ ಯಾರೋ ಹೆಗಲು ಮುಟ್ಟಿದರು. ಸುಧಾ. ಕಾಲೇಜು ತಪ್ಪಿಸಿ ಬಂದಿದ್ದಳು. ಎಡಗಡೆಯ ಎರಡು ಸೀಟು ಕೇಳಿ ತೆಗೆದುಕೊಂಡೆವು. ಪಾಪ್‌ಕಾರ್ನ್ ಬೇಡವೆಂದಳು.

ಖಣಿಯ ದೃಶ್ಯ ಬಂತು. ನಾಯಕ ನಡೆದು ಬಂದ. ನಾವು ಮೂಲೆ ನೋಡಿದೆವು. ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು.

“ಅದಾನಜ್ಜಾ,” ಎಂದಳು ಸುಧಾ, ನನ್ನ ಕೈ ಹಿಡಿದುಕೊಂಡು. “ಆರಾಮ ಅದಾನ.”